ಕೆಟ್ಟ ಸುದ್ದಿ ಎಲ್ಲಿ ನಿಲ್ಲುತ್ತದೆ?

ಹೊಸ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಕಂಪನಿಯ ಬಗ್ಗೆ ಒಂದು ಪ್ರೆಸೆಂಟೇಶನ್ ತೋರಿಸುತ್ತಾರೆ. ಅದರಲ್ಲಿ ಯಾರ ಕೆಳಗೆ ಯಾರು ಎನ್ನುವ ಆರ್ಗ್ ಚಾರ್ಟ್ ಇದ್ದೇ ಇರುತ್ತದೆ. ಜೊತೆಗೆ 'ನಮ್ಮ ಮೌಲ್ಯಗಳು' ಅಂತ ನಾಲ್ಕೈದು ಒಳ್ಳೆಯ ಮಾತು. ಪ್ರಾಮಾಣಿಕತೆ, ಪರಸ್ಪರ ಗೌರವ, ಗ್ರಾಹಕರೇ ಮೊದಲು, ಹೀಗೆ. ಸೇರಿದವರು ತಲೆಯಾಡಿಸಿ ಹೊರಗೆ ಬರುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಬೇರೆಯದೇ ಪಾಠ ಆಗಿರುತ್ತದೆ. ಬಿಲ್ ಬೇಗ ಪಾಸ್ ಆಗಬೇಕಾದರೆ ಯಾರ ಹತ್ತಿರ ಹೋಗಬೇಕು. ಸಿಸ್ಟಮ್ ಕೈಕೊಟ್ಟರೆ ಯಾರಿಗೆ ಫೋನ್ ಮಾಡಬೇಕು. ಯಾವ ಮ್ಯಾನೇಜರ್ ಎದುರು ಯಾವ ವಿಷಯ ಎತ್ತಬಾರದು. ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದ್ದು ಆಮೇಲೆ ಯಾರ ಕ್ಯಾಬಿನ್ನಿನಲ್ಲಿ ಬದಲಾಗುತ್ತದೆ. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಆದರೂ ಎಲ್ಲರೂ ಕಲಿಯುತ್ತಾರೆ.

ನನಗೆ ಬಹಳ ವರ್ಷಗಳಿಂದ ಈ ಎರಡನೇ ಪಾಠದ ಬಗ್ಗೆಯೇ ಕುತೂಹಲ. ಒಂದು ಕಚೇರಿಯ ಸಂಸ್ಕೃತಿ ಹೇಗಿದೆ ಅಂತ ತಿಳಿಯಬೇಕಾದರೆ ನಾನು ನೋಡುವುದು ಎರಡೇ ವಿಷಯ. ಅಲ್ಲಿ ಯಾರು ಯಾರನ್ನು ಕೇಳುತ್ತಾರೆ? ಕೆಟ್ಟ ಸುದ್ದಿ ಎಲ್ಲಿಯವರೆಗೆ ಹೋಗಿ ನಿಂತುಬಿಡುತ್ತದೆ? ಇವೆರಡು ಗೊತ್ತಾದರೆ ಆ ಜಾಗದ ಬಗ್ಗೆ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಇದನ್ನು ತುಂಬಾ ಹತ್ತಿರದಿಂದ ನೋಡಿ ದಾಖಲಿಸಿದ ಒಂದು ಪ್ರಯೋಗ ನಡೆದದ್ದು ಸುಮಾರು ತೊಂಬತ್ತು ವರ್ಷಗಳ ಹಿಂದೆ. ಅಮೆರಿಕದ ಶಿಕಾಗೋ ಹತ್ತಿರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಟೆಲಿಫೋನ್ ಉಪಕರಣ ಮಾಡುವ ದೊಡ್ಡ ಕಾರ್ಖಾನೆ. ಅಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳ ಹೆಸರನ್ನು ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಕೇಳಿರುತ್ತಾರೆ. ದೀಪದ ಬೆಳಕು ಹೆಚ್ಚಿಸಿ, ಕಡಿಮೆ ಮಾಡಿ ಕೆಲಸ ಎಷ್ಟಾಗುತ್ತದೆ ಅಂತ ನೋಡಿದ್ದು, ಆ ಕಥೆಯೇ ಜಾಸ್ತಿ ಪ್ರಸಿದ್ಧಿ. ನನಗೆ ಮುಖ್ಯ ಅನಿಸುವುದು ಕೊನೆಯ ಪ್ರಯೋಗ. 1931ರ ನವೆಂಬರಿನಿಂದ 1932ರ ಮೇ ತಿಂಗಳವರೆಗೆ 14 ಕಾರ್ಮಿಕರನ್ನು ಒಂದು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದರು. 9 ಜನ ತಂತಿ ಜೋಡಿಸುವವರು, 3 ಜನ ಬೆಸುಗೆ ಹಾಕುವವರು, 2 ಜನ ಇನ್‌ಸ್ಪೆಕ್ಟರುಗಳು. ಜೊತೆಗೆ ಒಬ್ಬ ವೀಕ್ಷಕ. ಅವನ ಕೆಲಸ ಸುಮ್ನೆ ನೋಡುವುದು, ಬರೆದುಕೊಳ್ಳುವುದು, ಅಷ್ಟೇ.

ಕೂಲಿಯ ಲೆಕ್ಕ ಇಡೀ ಗುಂಪಿನ ಉತ್ಪಾದನೆಯ ಮೇಲೆ. ಎಲ್ಲರೂ ಜಾಸ್ತಿ ಮಾಡಿದರೆ ಎಲ್ಲರಿಗೂ ಜಾಸ್ತಿ ಹಣ. ಆಡಳಿತದವರ ಲೆಕ್ಕ ಸರಳವಾಗಿತ್ತು. ಹಣದಾಸೆಗೆ ಒಬ್ಬರನ್ನೊಬ್ಬರು ಹುರಿದುಂಬಿಸುತ್ತಾರೆ ಅಂತ. ಆ ಕೋಣೆಯಲ್ಲಿ ನಡೆದದ್ದೇ ಬೇರೆ. ದಿನಕ್ಕೆ ಎರಡು ಉಪಕರಣ ಮುಗಿಸಿದರೆ ನ್ಯಾಯವಾದ ಕೆಲಸ ಅಂತ ಅವರವರಲ್ಲೇ ಒಂದು ಮಾತಿತ್ತು. ಯಾರಾದರೂ ಅದಕ್ಕಿಂತ ಬಿರುಸಾಗಿ ಹೋದರೆ ಪಕ್ಕದವನು ಬಂದು ತೋಳಿಗೆ ಒಂದು ಗುದ್ದು ಕೊಡುತ್ತಿದ್ದ. ಗುದ್ದಿಸಿಕೊಂಡವನು ಜಗಳ ಮಾಡುತ್ತಿರಲಿಲ್ಲ, ನಿಧಾನ ಮಾಡುತ್ತಿದ್ದ. ತೀರಾ ಕಡಿಮೆ ಕೆಲಸ ಮಾಡುವವನೂ ಅವರಿಗೆ ಬೇಡ. ಸಂಗಡಿಗರ ವಿಷಯವನ್ನು ಸೂಪರ್‌ವೈಸರ್ ಕಿವಿಗೆ ಹಾಕುವವನಂತೂ ಬೇಡವೇ ಬೇಡ.

ಇದನ್ನು ಸೋಮಾರಿತನ ಅಂತ ಕರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಜಾಸ್ತಿ ಮಾಡಿ ತೋರಿಸಿದರೆ ನಾಳೆ ಕಂಪನಿ ರೇಟ್ ಇಳಿಸುತ್ತದೆ, ಇಲ್ಲವೇ ನಾಲ್ಕು ಜನರನ್ನು ಮನೆಗೆ ಕಳಿಸುತ್ತದೆ ಎನ್ನುವ ಹೆದರಿಕೆ ಅವರಿಗಿತ್ತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅದು ಸುಳ್ಳು ಹೆದರಿಕೆಯೇನೂ ಆಗಿರಲಿಲ್ಲ. ನಿಧಾನವಾಗಿ ಕೈ ಆಡುವ ಸಂಗಡಿಗನನ್ನು ಕಾಪಾಡುವುದು, ತಮ್ಮ ಕೆಲಸ ಉಳಿಸಿಕೊಳ್ಳುವುದು, ಎರಡೂ ಆ ಗುದ್ದಿನಲ್ಲಿದ್ದವು.

ಆ ಸಂಶೋಧಕರು ಇನ್ನೊಂದು ಕೆಲಸ ಮಾಡಿದರು. ಆ ಕೋಣೆಯ ಸಂಬಂಧಗಳನ್ನು ಗೆರೆ ಎಳೆದು ಚಿತ್ರ ಮಾಡಿದರು. ಯಾರ ಜೊತೆ ಯಾರು ಆಟ ಆಡುತ್ತಾರೆ, ಯಾರಿಗೆ ಯಾರು ಕೆಲಸದಲ್ಲಿ ಕೈ ಜೋಡಿಸುತ್ತಾರೆ, ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಅಂತ ಯಾರು ಯಾರ ಜೊತೆ ಜಗಳ ಆಡುತ್ತಾರೆ ಅನ್ನುವುದಕ್ಕೂ ಒಂದು ಚಿತ್ರ ಇದೆ! ಹೀಗೆ ಗೆರೆ ಎಳೆದಾಗ ಕೋಣೆಯ ಮುಂಭಾಗದಲ್ಲಿ ಒಂದು ಗುಂಪು, ಹಿಂಭಾಗದಲ್ಲಿ ಇನ್ನೊಂದು ಗುಂಪು ಎದ್ದು ಕಂಡಿತು. ಕೆಲವರು ಎರಡಕ್ಕೂ ಸೇರದೆ ಹೊರಗುಳಿದಿದ್ದರು. ಆಡಳಿತದ ಕಾಗದಗಳಲ್ಲಿ ಈ ಗುಂಪುಗಳ ಹೆಸರೇ ಇಲ್ಲ. ಆದರೆ ದಿನದ ಕೆಲಸ ಎಷ್ಟಾಗಬೇಕು ಅಂತ ತೀರ್ಮಾನ ಆಗುತ್ತಿದ್ದದ್ದು ಅಲ್ಲಿಯೇ.

ಗುಂಪಿನ ಬಲ ಕೆಲಸ ನಿಧಾನ ಮಾಡುವುದಕ್ಕೆ ಮಾತ್ರ ಬಳಕೆಯಾಗುತ್ತದೆ ಅಂತಲ್ಲ. 1980ರ ದಶಕದಲ್ಲಿ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರ ಜೊತೆ ಓಡಾಡಿದರು. ಫೋಟೋಕಾಪಿ ಯಂತ್ರ ಕೆಟ್ಟರೆ ಏನು ಮಾಡಬೇಕು ಅಂತ ಕಂಪನಿ ದಪ್ಪ ಮ್ಯಾನುಯಲ್ ಕೊಟ್ಟಿತ್ತು. ಈ ಕೋಡ್ ಬಂದರೆ ಇದನ್ನು ಪರೀಕ್ಷಿಸಿ, ಆಮೇಲೆ ಅದನ್ನು ಬದಲಾಯಿಸಿ ಅಂತ ಹೆಜ್ಜೆ ಹೆಜ್ಜೆಗೂ ಸೂಚನೆ. ಯಂತ್ರಗಳು ಆ ಪುಸ್ತಕ ಓದಿಕೊಂಡು ಕೆಡುತ್ತಿರಲಿಲ್ಲ. ಬಿಸಿ, ಧೂಳು, ಬಳಸುವವರ ಕೈ, ಎಲ್ಲ ಸೇರಿ ಪುಸ್ತಕದಲ್ಲಿಲ್ಲದ ತೊಂದರೆಗಳು ಬರುತ್ತಿದ್ದವು. ಆಗ ತಂತ್ರಜ್ಞರು ಮಾಡುತ್ತಿದ್ದದ್ದು ಒಂದೇ. ಒಟ್ಟಿಗೆ ಊಟಕ್ಕೆ ಕೂತಾಗ, ಒಂದೇ ಯಂತ್ರದ ಮುಂದೆ ಇಬ್ಬರು ನಿಂತಾಗ, ಹಳೆಯ ರಿಪೇರಿಗಳ ಕಥೆ ಹೇಳುವುದು. 'ಅವತ್ತು ಅಲ್ಲಿ ಇದೇ ಕೋಡ್ ಬಂದಿತ್ತು, ನೋಡಿದರೆ ಕೆಟ್ಟಿದ್ದು ಬೇರೆಯೇ' ಅನ್ನುವ ಥರದ ಕಥೆಗಳು. ಮೇಲಿನಿಂದ ನೋಡಿದವರಿಗೆ ಅದು ಹರಟೆ. ಯಂತ್ರ ರಿಪೇರಿ ಆಗುತ್ತಿದ್ದದ್ದು ಆ ಹರಟೆಯಿಂದ.

ಜೆರಾಕ್ಸ್ ಇದನ್ನು ಮೆಲ್ಲಗೆ ಅರ್ಥ ಮಾಡಿಕೊಂಡಿತು. 1990ರ ದಶಕದಲ್ಲಿ ಯುರೇಕಾ ಎಂಬ ವ್ಯವಸ್ಥೆ ಬಂತು. ತಂತ್ರಜ್ಞರು ತಾವು ಕಂಡುಕೊಂಡ ಉಪಾಯಗಳನ್ನು ಅದಕ್ಕೆ ಬರೆದು ಹಾಕುತ್ತಿದ್ದರು. ಉಪಾಯದ ಜೊತೆ ಅದನ್ನು ಬರೆದವರ ಹೆಸರೂ ಇರುತ್ತಿತ್ತು. ಹೆಸರು ಇಟ್ಟದ್ದು ಬಹಳ ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ. ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟವರಿಗೆ ತಮ್ಮ ಜೊತೆಯವರಿಂದ ಸಿಗುವ ಮರ್ಯಾದೆ ಇದೆಯಲ್ಲ, ಅದು ಬೇರೆ ಎಲ್ಲಿಂದಲೂ ಬರುವುದಿಲ್ಲ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಖರೀದಿ ವಿಭಾಗದಲ್ಲಿ ಒಬ್ಬರು ಮೇಡಂ ಇದ್ದರು. ದೊಡ್ಡ ಹುದ್ದೆಯೇನೂ ಅಲ್ಲ. ಚಾರ್ಟಿನಲ್ಲಿ ಹುಡುಕಿದರೆ ಕೆಳಗಿನಿಂದ ಎರಡನೇ ಸಾಲು. ಆದರೆ ಏನೇ ಸಿಕ್ಕಿಹಾಕಿಕೊಂಡರೂ ಎಲ್ಲರೂ 'ಮೇಡಮ್ಮನ್ನ ಒಂದ್ಸಲ ಕೇಳಿ' ಅನ್ನುತ್ತಿದ್ದರು. ಅವರ ಮೇಜಿನ ಮೇಲೆ ಒಂದು ಹಳೆಯ ನೋಟ್‌ಬುಕ್ ಇರುತ್ತಿತ್ತು. ಎಕ್ಸ್‌ಟೆನ್ಶನ್ ನಂಬರುಗಳನ್ನು ಬರೆದಿಟ್ಟುಕೊಂಡ ಪುಸ್ತಕ. ಪ್ರತಿ ನಂಬರಿನ ಪಕ್ಕ ಸಣ್ಣ ಅಕ್ಷರದಲ್ಲಿ ಒಂದೊಂದು ಟಿಪ್ಪಣಿ. 'ಬೆಳಿಗ್ಗೆ ಹೊತ್ತು ಮಾತ್ರ ಮಾಡಬೇಕು.' 'ಮೇಲ್ ಬೇಡ, ಎದುರಿಗೇ ಹೋಗಿ ಕೇಳಬೇಕು.' 'ಇವರಿಗೆ ಗೊತ್ತಿಲ್ಲದಿದ್ದರೆ ಸ್ಟೋರ್ಸಿನವರಿಗೆ ಗೊತ್ತಿರುತ್ತದೆ.' ಒಂದು ಕಡೆ 'ತಂದೆಗೆ ಹುಷಾರಿಲ್ಲ, ಮೊದಲು ವಿಚಾರಿಸಿ' ಅಂತಲೂ ಇತ್ತು. ಹೊಡೆದು ಹಾಕಿದ ನಂಬರುಗಳ ಮೇಲೆ ಹೊಸ ನಂಬರು, ಅದರ ಮೇಲೆ ಇನ್ನೊಂದು.

ಅವರು ಕೆಲಸ ಬಿಟ್ಟಾಗ ಹ್ಯಾಂಡೋವರ್ ಶಿಸ್ತಾಗಿ ನಡೆಯಿತು. ಫೈಲುಗಳ ಪಟ್ಟಿ, ಪಾಸ್‌ವರ್ಡುಗಳು, ಬಾಕಿ ಇರುವ ಆರ್ಡರುಗಳು, ಎಲ್ಲಕ್ಕೂ ಸಹಿ ಆಯಿತು. ನೋಟ್‌ಬುಕ್ಕನ್ನು ಯಾರೂ ಕೇಳಲಿಲ್ಲ. ಅವರ ಜಾಗಕ್ಕೆ ಬಂದ ಹುಡುಗ ಚುರುಕಾಗಿದ್ದ, ಓದಿಕೊಂಡಿದ್ದ. ಆದರೂ ಮುಂದಿನ ಕೆಲವು ತಿಂಗಳು ಸಾಮಾನು ಬರುವುದು ತಡವಾಯಿತು. ಎಲ್ಲರೂ ಅವನನ್ನೇ ದೂರಿದರು. ಪಾಪ, ಅವನ ತಪ್ಪೇನಿತ್ತು? ಮೇಡಂ ಮಾಡುತ್ತಿದ್ದ ಕೆಲಸದ ಅರ್ಧ ಅವರ ಜಾಬ್ ಡಿಸ್ಕ್ರಿಪ್ಶನ್ನಿನಲ್ಲಿ ಇರಲೇ ಇಲ್ಲ. ಇಲ್ಲದ ಕೆಲಸವನ್ನು ಒಪ್ಪಿಸಿಕೊಳ್ಳುವುದು ಹೇಗೆ? ಅಷ್ಟು ವರ್ಷ ಅವರಿಗೆ ಪ್ರಮೋಶನ್ ಕೊಡುವಾಗಲೂ ಆ ಅರ್ಧ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಇದು ನನಗೆ ಈಗಲೂ ನೋವು ಕೊಡುವ ವಿಷಯ.

ಇಂಥವರ ಬೆಲೆ ಏನು ಅಂತ ರೊನಾಲ್ಡ್ ಬರ್ಟ್ ಎಂಬ ಸಮಾಜಶಾಸ್ತ್ರಜ್ಞ ಬಹಳ ಚೆನ್ನಾಗಿ ತೋರಿಸಿದ್ದಾರೆ. ಕಚೇರಿಯೊಳಗೆ ಗುಂಪುಗಳು ಇರುತ್ತವೆ, ಗುಂಪುಗಳ ನಡುವೆ ಖಾಲಿ ಜಾಗ ಇರುತ್ತದೆ. ಆ ಖಾಲಿ ಜಾಗವನ್ನು ದಾಟಿ ಎರಡೂ ಕಡೆ ಬಳಕೆ ಇಟ್ಟುಕೊಂಡವರ ಮೇಲೆ ಅವರ ಕಣ್ಣು. 2004ರಲ್ಲಿ ಪ್ರಕಟವಾದ ಅವರ ಅಧ್ಯಯನ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯ ಸರಬರಾಜು ವಿಭಾಗದ ಮ್ಯಾನೇಜರುಗಳದ್ದು. ಕೆಲಸ ಸುಧಾರಿಸಲು ಒಂದು ಉಪಾಯ ಬರೆದುಕೊಡಿ ಅಂತ ಕೇಳಿದರು. ಅವನ್ನು ಹಿರಿಯರ ಕೈಗೆ ಕೊಟ್ಟು ಬೆಲೆ ಕಟ್ಟಿಸಿದರು. ಬೇರೆ ಬೇರೆ ಗುಂಪಿನವರ ಜೊತೆ ಮಾತಾಡುವವರ ಉಪಾಯಗಳಿಗೆ ಜಾಸ್ತಿ ಬೆಲೆ ಬಂತು. ಅವರು ಜಾಸ್ತಿ ಬುದ್ಧಿವಂತರು ಅಂತಲ್ಲ. ಒಂದು ಕಡೆ ಎಲ್ಲರಿಗೂ ಗೊತ್ತಿರುವ ಮಾತು ಇನ್ನೊಂದು ಕಡೆ ಹೊಸದು, ಅಷ್ಟೇ. ಆ ಅಧ್ಯಯನದಲ್ಲಿ ಬೇಸರದ ಸಂಗತಿಯೂ ಇದೆ. ಒಳ್ಳೆಯವು ಅಂತ ಒಪ್ಪಿದ ಉಪಾಯಗಳಲ್ಲೂ ಹೆಚ್ಚಿನವು ಮುಂದೆ ಹೋಗಲಿಲ್ಲ. ಹೊಳೆದವರು ಅದನ್ನು ತಮ್ಮ ಪಕ್ಕದವರ ಹತ್ತಿರವೇ ಹೇಳಿಕೊಂಡು ಸುಮ್ಮನಾಗಿದ್ದರು.

ದೂರದ ಪರಿಚಯಗಳ ಶಕ್ತಿಯ ಬಗ್ಗೆ ಇನ್ನೂ ಹಳೆಯ ಲೆಕ್ಕವೊಂದಿದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ್ದು. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದರು. ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ ಅಂತ. ಪದೇ ಪದೇ ಅಂದವರು ಶೇ. 16.7 ಮಾತ್ರ. ಆಗೀಗ ಅಂದವರು ಶೇ. 55.6, ಅಪರೂಪಕ್ಕೆ ಅಂದವರು ಶೇ. 27.8. ದಿನಾ ಜೊತೆಗಿರುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಬರುವುದು ಆಗೀಗ ಸಿಗುವವರಿಂದ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಒಂದು ತಿದ್ದುಪಡಿಯೊಂದಿಗೆ: ತೀರಾ ದೂರದವರಿಗಿಂತ ಸ್ವಲ್ಪ ದೂರದವರಿಂದ ಜಾಸ್ತಿ ಉಪಯೋಗ.

ಈ ಸ್ವಲ್ಪ ದೂರದವರನ್ನೇ ಮನೆಯಿಂದ ಕೆಲಸ ಮಾಡುವ ದಿನಗಳು ನಮ್ಮಿಂದ ಕಿತ್ತುಕೊಂಡವು. ಮೈಕ್ರೋಸಾಫ್ಟಿನ ಅಮೆರಿಕದ 61,182 ಉದ್ಯೋಗಿಗಳ 2020ರ ಮೊದಲ ಆರು ತಿಂಗಳ ಇಮೇಲ್, ಮೀಟಿಂಗ್, ಕರೆಗಳ ಲೆಕ್ಕ ತೆಗೆದ ಅಧ್ಯಯನವಿದೆ. ಎಲ್ಲರೂ ಮನೆಯಿಂದ ಕೆಲಸ ಶುರು ಮಾಡಿದ ಮೇಲೆ ಬೇರೆ ಗುಂಪಿನವರ ಜೊತೆ ಕಳೆಯುವ ಸಮಯ ಕಾಲು ಭಾಗದಷ್ಟು ಇಳಿಯಿತು. ತಮ್ಮ ಗುಂಪಿನೊಳಗಿನ ಮಾತುಕತೆ ಗಟ್ಟಿಯಾಯಿತು. ಹಾಗಂತ ಎಲ್ಲರನ್ನೂ ಕಚೇರಿಗೆ ಎಳೆದು ತಂದು, ಗೋಡೆ ಕೆಡವಿ, ಒಂದೇ ಹಾಲಿನಲ್ಲಿ ಕೂರಿಸಿದರೆ ಮಾತು ತಾನಾಗಿ ಹುಟ್ಟುತ್ತದೆಯೇ? ಹಾಗೆ ಗೋಡೆ ತೆಗೆದ ಎರಡು ಕಂಪನಿಗಳಲ್ಲಿ ಅಳೆದು ನೋಡಿದಾಗ ಎದುರುಬದುರು ಮಾತು ಸುಮಾರು ಶೇ. 70ರಷ್ಟು ಕಡಿಮೆಯಾಗಿತ್ತು. ಜನ ಹೆಡ್‌ಫೋನ್ ಹಾಕಿಕೊಂಡು ಪಕ್ಕದವರಿಗೆ ಮೆಸೇಜ್ ಕಳಿಸುತ್ತಾರೆ. ಎಲ್ಲರ ಕಣ್ಣೆದುರು ಮಾತಾಡಲು ಯಾರಿಗೆ ಇಷ್ಟ, ಅಲ್ವಾ?

ಪರಿಚಯಗಳ ಈ ಜಾಲದ ಬಗ್ಗೆ ಮಾತಾಡುವಾಗ ಅದರ ಹೊರಗೆ ಉಳಿದವರನ್ನು ಮರೆಯಬಾರದು. ಮನುಷ್ಯರು ತಮ್ಮಂಥವರ ಜೊತೆಗೇ ಬೇಗ ಬೆರೆಯುತ್ತಾರೆ. ಒಂದೇ ಕಾಲೇಜು, ಒಂದೇ ವಯಸ್ಸು, ಒಂದೇ ಭಾಷೆ. ಇದರಲ್ಲಿ ಕೆಟ್ಟದ್ದೇನಿಲ್ಲ ಅನಿಸುತ್ತದೆ. ಆದರೆ ಅಧಿಕಾರದಲ್ಲಿ ಇರುವವರೆಲ್ಲ ಒಂದೇ ಥರದವರಾದರೆ ಏನಾಗುತ್ತದೆ? ಹರ್ಮಿನಿಯಾ ಇಬಾರಾ ಎಂಬ ಸಂಶೋಧಕಿ 1992ರಲ್ಲಿ ಒಂದು ಜಾಹೀರಾತು ಕಂಪನಿಯ ಅಧ್ಯಯನ ಪ್ರಕಟಿಸಿದರು. ಅಲ್ಲಿ ಗಂಡಸರಿಗೆ ಗೆಳೆತನವೂ ಕೆಲಸದ ದಾರಿಯೂ ಒಂದೇ ಗುಂಪಿನಲ್ಲಿ ಸಿಗುತ್ತಿತ್ತು. ಹೆಂಗಸರು ಕಷ್ಟಸುಖ ಹೇಳಿಕೊಳ್ಳಲು ಹೆಂಗಸರ ಹತ್ತಿರ, ಕೆಲಸ ಮುಂದುವರಿಯಲು ಗಂಡಸರ ಹತ್ತಿರ, ಹೀಗೆ ಎರಡು ಜಾಲ ನಿಭಾಯಿಸಬೇಕಿತ್ತು. ಎರಡರಷ್ಟು ಶ್ರಮ. ಈಗ ವಾಟ್ಸಾಪ್ ಗ್ರೂಪುಗಳಲ್ಲಿ ಇದನ್ನು ದಿನವೂ ನೋಡುತ್ತೇನೆ. ಟೀಮಿನ ಅಧಿಕೃತ ಗ್ರೂಪ್ ಒಂದಿರುತ್ತದೆ. ಅದರ ಪಕ್ಕದಲ್ಲಿ ಆರೇಳು ಜನರ ಇನ್ನೊಂದು ಗ್ರೂಪ್. ಅಲ್ಲಿ ರಾತ್ರಿ ತೀರ್ಮಾನವಾದದ್ದು ಬೆಳಿಗ್ಗೆ ಅಧಿಕೃತ ಗ್ರೂಪಿಗೆ ಬರುತ್ತದೆ. ಸಂಜೆ ಮಗುವನ್ನು ನೋಡಿಕೊಳ್ಳಲು ಬೇಗ ಹೊರಡುವವರು, ಕಾಂಟ್ರ್ಯಾಕ್ಟ್ ಮೇಲಿರುವವರು, ಜಾಸ್ತಿ ಮಾತಾಡದವರು ಆ ಎರಡನೇ ಗ್ರೂಪಿನಲ್ಲಿ ಇರುವುದಿಲ್ಲ. ವರ್ಷದ ಕೊನೆಯಲ್ಲಿ 'ಅವರು ಅಷ್ಟಾಗಿ ಬೆರೆಯಲ್ಲ' ಅಂತ ಅವರ ಅಪ್ರೈಸಲ್ಲಿನಲ್ಲಿ ಬರೆಯುತ್ತಾರೆ. ಇದು ಅನ್ಯಾಯ.

ಇನ್ನು ಕೆಟ್ಟ ಸುದ್ದಿಯ ವಿಷಯ.

1986ರ ಜನವರಿ 27ರ ಸಂಜೆ. ಮರುದಿನ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ರಾತ್ರಿ ವಿಪರೀತ ಚಳಿ ಅಂತ ಮುನ್ಸೂಚನೆ. ರಾಕೆಟ್ ಬೂಸ್ಟರ್ ತಯಾರಿಸಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳಿಗೆ ಗಾಬರಿ. ಬೂಸ್ಟರಿನ ಭಾಗಗಳು ಕೂಡುವ ಕಡೆ ರಬ್ಬರಿನ ಓ-ರಿಂಗುಗಳಿದ್ದವು. ಚಳಿಗೆ ಅವು ಗಡುಸಾಗಿ, ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ ಎನ್ನುವುದು ಅವರ ಆತಂಕ. ರೋಜರ್ ಬೊಯ್ಜೊಲಿ ಎಂಬ ಎಂಜಿನಿಯರ್ ಆರು ತಿಂಗಳ ಹಿಂದೆಯೇ ಈ ಬಗ್ಗೆ ಮೆಮೊ ಬರೆದಿದ್ದರು. ಆ ಸಂಜೆ ನಾಸಾ ಜೊತೆ ನಡೆದ ಫೋನ್ ಸಭೆಯಲ್ಲಿ, 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಅಂತ ಕಂಪನಿ ಹೇಳಿತು. ನಾಸಾದವರು ಅದಕ್ಕೆ ಸುಲಭವಾಗಿ ಒಪ್ಪಲಿಲ್ಲ. ನಾವು ನಾವೇ ಮಾತಾಡಿಕೊಂಡು ಬರುತ್ತೇವೆ ಅಂತ ಥಯೋಕಾಲ್‌ನವರು ಐದು ನಿಮಿಷ ಕೇಳಿ ಲೈನ್ ಮ್ಯೂಟ್ ಮಾಡಿದರು. ಅದು ಸುಮಾರು ಅರ್ಧ ಗಂಟೆ ಆಯಿತು. ಬೊಯ್ಜೊಲಿ ಹಳೆಯ ಫೋಟೋಗಳನ್ನು ಮೇಜಿನ ಮೇಲಿಟ್ಟು ವಾದಿಸಿದರು. ಹಿರಿಯರೊಬ್ಬರು ಎಂಜಿನಿಯರಿಂಗ್ ಮುಖ್ಯಸ್ಥರ ಕಡೆ ತಿರುಗಿ, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದರು. ಕಂಪನಿ ಅಭಿಪ್ರಾಯ ಬದಲಿಸಿತು. ಮರುದಿನ ಹಾರಿದ 73 ಸೆಕೆಂಡಿನಲ್ಲಿ ನೌಕೆ ಒಡೆದು ಚೂರಾಯಿತು. ಅದರಲ್ಲಿದ್ದ 7 ಜನರೂ ತೀರಿಕೊಂಡರು.

ಆ ಟೋಪಿಯ ಮಾತನ್ನು ಎಲ್ಲರೂ ಉದಾಹರಿಸುತ್ತಾರೆ. ತನಿಖಾ ಆಯೋಗದ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಹಾರಿಸುವ ಅಂತಿಮ ತೀರ್ಮಾನ ಮಾಡಿದವರಿಗೆ, ಹಿಂದಿನ ಸಂಜೆ ಕಂಪನಿ ಮೊದಲು ಬೇಡ ಎಂದಿತ್ತು ಅನ್ನುವುದೇ ಗೊತ್ತಿರಲಿಲ್ಲ. ಸುದ್ದಿ ನಡುವಿನ ಹಂತದಲ್ಲಿ ನಿಂತಿತ್ತು. ಮಧ್ಯದವರಿಗೆ ಅದು ಇತ್ಯರ್ಥವಾದ ವಿಷಯ. ಇತ್ಯರ್ಥವಾದದ್ದನ್ನು ಮೇಲಕ್ಕೆ ಯಾಕೆ ಒಯ್ಯಬೇಕು? ಕಚೇರಿಗಳಲ್ಲಿ ಇಂಥ ಯೋಚನೆ ದಿನಕ್ಕೆ ಹತ್ತು ಸಲ ನಡೆಯುತ್ತದೆ.

ಹದಿನೇಳು ವರ್ಷಗಳ ಮೇಲೆ, 2003ರಲ್ಲಿ, ಅದೇ ನಾಸಾದಲ್ಲಿ ಕೊಲಂಬಿಯಾ ನೌಕೆ. ಹಾರುವಾಗ ಇಂಧನ ಟ್ಯಾಂಕಿನ ಹೊದಿಕೆಯ ಫೋಮಿನ ತುಂಡೊಂದು ರೆಕ್ಕೆಗೆ ಬಡಿದಿತ್ತು. ರೆಕ್ಕೆಯ ಚಿತ್ರ ತೆಗೆಸಿ ನೋಡೋಣ ಅಂತ ಎಂಜಿನಿಯರುಗಳು ಕೇಳಿಕೊಂಡರು. ಆಗಲಿಲ್ಲ. ರಾಡ್ನಿ ರೋಚಾ ಎಂಬ ಎಂಜಿನಿಯರ್ ಕಟುವಾಗಿ ಒಂದು ಇಮೇಲ್ ಬರೆದರು. ಪ್ರಿಂಟ್ ತೆಗೆದು ಸಹೋದ್ಯೋಗಿಗೆ ತೋರಿಸಿದರು. ಕಳಿಸಲಿಲ್ಲ. ಯಾಕೆ ಅಂತ ತನಿಖೆಯವರು ಕೇಳಿದಾಗ, ಮೇಲಿನವರನ್ನು ದಾಟಿ ಹೋಗುವುದು ಬೇಡವೆನಿಸಿತು ಎಂದರು. ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆಯಿತು. ಮತ್ತೆ 7 ಜನ. ಈ ಅಪಘಾತಕ್ಕೆ ಫೋಮ್ ಎಷ್ಟು ಕಾರಣವೋ ನಾಸಾದ ಸಂಸ್ಕೃತಿಯೂ ಅಷ್ಟೇ ಕಾರಣ ಎಂದು ತನಿಖಾ ಮಂಡಳಿ ಬರೆಯಿತು. ರೋಚಾ ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಬರೆದು ಕಳಿಸದ ಮೇಲ್ ಯಾರ ಡ್ರಾಫ್ಟ್ಸ್‌ನಲ್ಲಿ ಇಲ್ಲ?

ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ ವಿಚಿತ್ರವೊಂದನ್ನು ಕಂಡರು. ಒಳ್ಳೆಯ ಮುಖ್ಯಸ್ಥರಿದ್ದ, ಒಗ್ಗಟ್ಟಿನ ವಾರ್ಡುಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿದ್ದವು. ಹತ್ತಿರ ಹೋಗಿ ನೋಡಿದರೆ ಅಲ್ಲಿ ತಪ್ಪುಗಳು ಬಾಯಿಗೆ ಬರುತ್ತಿದ್ದವು. ಉಳಿದ ಕಡೆ ಹೆದರಿ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ 'ನಮ್ಮಲ್ಲಿ ಏನೂ ತೊಂದರೆ ಇಲ್ಲ' ಅನ್ನುವ ವಿಭಾಗವನ್ನು ಕಂಡರೆ ನನಗೆ ಕಳವಳ ಆಗುತ್ತದೆ.

ನಾನು ಒಬ್ಬ ಮ್ಯಾನೇಜರ್ ಕೆಳಗೆ ಕೆಲಸ ಮಾಡಿದ್ದೇನೆ. ಏನಾದರೂ ಎಡವಟ್ಟಾದರೆ ಅವರು ಯಾರು ಮಾಡಿದ್ದು ಅಂತ ಮೊದಲು ಕೇಳುತ್ತಿರಲಿಲ್ಲ. 'ಇದು ನಮ್ಮಲ್ಲಿ ಮೊದಲು ಯಾರಿಗೆ ಗೊತ್ತಾಗಿತ್ತು? ಅವರು ಯಾರಿಗೆ ಹೇಳಿದ್ರು?' ಅಂತ ಕೇಳುತ್ತಿದ್ದರು. ಆಮೇಲೆ ಆ ಸರಪಳಿ ಹಿಡಿದು ಒಬ್ಬೊಬ್ಬರ ಮೇಜಿನ ಹತ್ತಿರ ತಾವೇ ಹೋಗುತ್ತಿದ್ದರು. ಹೆಚ್ಚಾಗಿ ಯಾರಿಗೋ ಎರಡು ವಾರ ಮೊದಲೇ ಗೊತ್ತಿರುತ್ತಿತ್ತು. ಸುದ್ದಿ ನಿಲ್ಲುತ್ತಿದ್ದದ್ದು ಹೆಚ್ಚುಕಡಿಮೆ ಅದೇ ಎರಡು ಮೂರು ಕಡೆ. ಒಬ್ಬರಿಗೆ ದಿನವಿಡೀ ಉಸಿರಾಡಲು ಪುರುಸೊತ್ತಿರಲಿಲ್ಲ. ಇನ್ನೊಬ್ಬರು ಹಿಂದೊಮ್ಮೆ ಇಂಥದ್ದನ್ನೇ ಹೇಳಿ ಎಲ್ಲರೆದುರು ಬೈಸಿಕೊಂಡಿದ್ದರು. ಮೊದಲಿನವರ ಕೆಲಸ ಹಂಚಿ ಇನ್ನೊಬ್ಬರನ್ನು ಕೊಟ್ಟರು. ಎರಡನೆಯವರನ್ನು ಕೂರಿಸಿಕೊಂಡು ಆ ಹಳೆಯ ಘಟನೆ ಪೂರ್ತಿ ಕೇಳಿದರು. ಮುಂದಿನ ಮೀಟಿಂಗಿನಲ್ಲಿ, ಅವತ್ತು ಅವರು ಹೇಳಿದ್ದು ಸರಿಯಿತ್ತು ಅಂತ, ಬೈದವರೂ ಕೂತಿದ್ದಾಗಲೇ, ಹೆಸರು ಹಿಡಿದು ಹೇಳಿದರು. ಅದಾದ ಮೇಲೆ ಅವರು ಎಲ್ಲರಿಗಿಂತ ಮೊದಲು ಸುದ್ದಿ ತರುವವರಾದರು. ನಾವು ಕಿರಿಯರೂ ಏನಾದರೂ ಇದ್ದರೆ ಮೊದಲು ಅವರ ಹತ್ತಿರವೇ ಹೋಗತೊಡಗಿದೆವು.